ಏಳನೆಯ ಹಾಡಿನ ಹೆಂಗಸು

"ಐದಕ್ಕೆ ಮೂರು ನಕ್ಷತ್ರ," ಎಂದು ದೋನ್ಯಾ ಕ್ರುಸಿತಾ ಪತ್ರಿಕೆಯನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು ಗಟ್ಟಿಯಾಗಿ ಹೇಳಿದಳು. ತಲೆ ತುಂಬ ಸುರುಳಿ ಸುತ್ತಿಸಿಕೊಂಡು ಬಿಸಿಗಾಳಿಯ ಟೋಪಿಯ ಕೆಳಗೆ ಕೂತಿದ್ದ ಮುದುಕಿಯ ಕೈಯಲ್ಲಿದ್ದ ಪುಟದಲ್ಲಿ ಮಿಗ್ದಾಲಿಯಾಳ ಮಗಳ ಫೋಟೊ ಇತ್ತು.

ಮಿಗ್ದಾಲಿಯಾ ಇನ್ನೊಬ್ಬಳ ಕೂದಲಲ್ಲಿ ಆಡುತ್ತಿದ್ದ ಬಾಚಣಿಗೆ ನಿಲ್ಲಿಸಲಿಲ್ಲ. "ಅವಳ ಸುದ್ದಿ ನನ್ನ ಅಂಗಡೀಲಿ ಬೇಡ."

ಸಾನ್ ಹುವಾನಿನ ವಿಯ್ಯಾ ಪಾಲ್ಮೆರಾಸ್ ಬಡಾವಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಂಗಸರ ಕೂದಲು ತಿದ್ದುತ್ತಿದ್ದ ಮಿಗ್ದಾಲಿಯಾ, ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಿದ್ದಳು. ನೆಲ್ಮಾರಿ ಎರಡನೇ ವರ್ಷಕ್ಕೆ ಅದನ್ನು ಬಿಟ್ಟು, ರೆಗ್ಗೆಟೋನ್ ತಾಳಕ್ಕೆ ರ‍್ಯಾಪ್ ಕಟ್ಟಿ ಹಾಡುತ್ತೇನೆಂದು ಹೊರಟಳು. ಆವತ್ತು ಆಡಬಾರದ ಮಾತೆಲ್ಲ ಆಡಿ ಮುಗಿದು, ಹುಡುಗಿ ಎರಡು ಬೀದಿ ಆಚೆ ಚಿಕ್ಕಮ್ಮನ ಮನೆ ಸೇರಿ ಐದು ತಿಂಗಳಾಗಿತ್ತು. ಅವಳ ಆಲ್ಬಮ್ ಬಂದು ಎರಡು ವಾರ. ಬೀದಿಯ ಕಾರುಗಳಲ್ಲೆಲ್ಲ ಅದೇ. ಅಂಥ ಕಾರು ಬಂದಾಗ ಮಿಗ್ದಾಲಿಯಾ ಕೂದಲು ಒಣಗಿಸುವ ಯಂತ್ರವನ್ನು ಜೋರು ಮಾಡುತ್ತಿದ್ದಳು.

ಬೇಡವೆಂದರೆ ಬಿಡುವವಳೇ ದೋನ್ಯಾ ಕ್ರುಸಿತಾ? ಓದಿಯೇ ಓದಿದಳು. "'ಹನ್ನೊಂದು ಹಾಡುಗಳಲ್ಲಿ ಅರ್ಧದಷ್ಟು ಬೇರೆಯವರ ಹಳೆಯ ಅಂಗಿ ತೊಟ್ಟುಕೊಂಡಿವೆ. ಆದರೆ ಏಳನೆಯದರಲ್ಲಿ ಅಡುಗೆಮನೆಯಿಂದ ಒಬ್ಬ ಹೆಂಗಸು ಬೈಯುತ್ತಾಳೆ: ಪಾಠ ಓದು ಅಂದ್ರೆ ಪ್ರಾಸ ಕಟ್ತೀಯ, ಪಾತ್ರೆ ತೊಳಿ ಅಂದ್ರೆ ತಾಳ ತಟ್ತೀಯ! ಯಾರೀಕೆ? ಇಡೀ ಆಲ್ಬಮ್ಮಿನಲ್ಲಿ ಒಮ್ಮೆಯೂ ತಾಳ ತಪ್ಪದವಳು ಇವಳೊಬ್ಬಳೇ.'"

ಬಾಚಣಿಗೆ ನಿಂತಿತು.

"ಕಳ್ಳಿ! ನಾನು ಬೈಯೋದನ್ನ ಫೋನಲ್ಲಿ ಹಿಡ್ಕೊಂಡಿದ್ದಾಳೆ!"

"ಏಯ್, ನೀನಾ ಅದು?" ಬಣ್ಣ ಹಚ್ಚಿಸಿಕೊಂಡು ಕೂತಿದ್ದ ವಿಲ್ಮಾ ಕಿರುಚಿದಳು. "ನಮ್ಮನೇಲಿ ಮಕ್ಕಳೆಲ್ಲ ಅದನ್ನೇ ಹೇಳ್ಕೊಂಡು ಕುಣೀತವೆ!"

ಬೇಡ ಅನ್ನುವಷ್ಟರಲ್ಲಿ ವಿಲ್ಮಾ ಅಂಗಡಿಯ ಸ್ಪೀಕರಿಗೇ ಹಾಡು ಹಾಕಿಬಿಟ್ಟಳು. ಡ್ರಮ್ಮಿನ ಗುದ್ದಿನ ಮೇಲೆ ಮಿಗ್ದಾಲಿಯಾಳ ಸಿಟ್ಟು ಏರಿ ಬಂತು, ಮೂರು ಸಲ. ಹೆಂಗಸರು ಕುರ್ಚಿಯಲ್ಲೇ ಸೊಂಟ ಕುಣಿಸುತ್ತ ಬಿದ್ದು ಬಿದ್ದು ನಕ್ಕರು. ತಾನೂ ನಗುತ್ತಿದ್ದೇನೆಂದು ತಿಳಿದಾಗ ಮಿಗ್ದಾಲಿಯಾ ಬೆನ್ನು ತಿರುಗಿಸಿ ಹೇಳಿದಳು:

"ಮೊದಲ್ನೇದರಿಂದ ಹಾಕು."

ಹನ್ನೊಂದೂ ಆದವು. ಒಂಬತ್ತನೆಯದರಲ್ಲಿ ನೆಲ್ಮಾರಿ ಒಬ್ಬ ತಾಯಿಯ ಬೆರಳುಗಳನ್ನು ಹಾಡಿದ್ದಳು. ಎಷ್ಟು ತೊಳೆದರೂ ಹೋಗದ ಬಣ್ಣದ ವಾಸನೆ, ಆ ಕೈಯಲ್ಲೇ ಕಲಸಿ ಉಣಿಸಿದ ಅನ್ನ. ಅದು ಮುಗಿಯುವ ತನಕ ಮಿಗ್ದಾಲಿಯಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

"ಅವಳಿಗೆ ಫೋನ್ ಮಾಡೇ, ವಿಲ್ಮಾ. ಬಾ ಅನ್ನು."

ನೆಲ್ಮಾರಿ ಹತ್ತೇ ನಿಮಿಷಕ್ಕೆ ಬಂದಳು. ಕೆದರಿದ ಕೂದಲು, ಮನೆಯ ಚಪ್ಪಲಿ. ಬಾಗಿಲಲ್ಲೇ ನಿಂತು, "ಅಮ್ಮ, ನಿನ್ನ ಕೇಳ್ದೆ ಹಾಕಿದ್ದು..." ಎಂದಳು.

"ತಪ್ಪೇ ಮಾಡಿದೀಯ. ಅದರ ಮಾತು ಆಮೇಲೆ. ಮೂರನೇ ಹಾಡಲ್ಲಿ ಮಾತು ನುಂಗ್ತೀಯಲ್ಲ, ಯಾಕೆ? ಹೊಟ್ಟೆ ಹಸಿದಿತ್ತಾ? ಐದನೇದು ನಿಂದಲ್ಲ, ಯಾರನ್ನೋ ನೋಡಿ ಮಾಡಿದ್ದು. ಆ ಪೇಪರ್‌ನೋನು ಅಷ್ಟನ್ನ ಸರಿಯಾಗೇ ಹೇಳಿದ್ದಾನೆ." ಮಿಗ್ದಾಲಿಯಾ ಉಸಿರು ತೆಗೆದುಕೊಂಡಳು. "ಆದ್ರೆ ಮೂರೇ ನಕ್ಷತ್ರನಾ? ಒಂಬತ್ತನೇದು ಬರೋವಾಗ ಕಿವೀಲಿ ಹತ್ತಿ ಇಟ್ಕೊಂಡಿದ್ನಾ ಆ ಮುಠ್ಠಾಳ?"

ಹುಡುಗಿ ಒಂದು ಹೆಜ್ಜೆ ಒಳಗಿಟ್ಟಳು. "ಒಂಬತ್ತನೇದೂ ಕೇಳ್ದ್ಯಾ?"

"ಎಲ್ಲಾ ಕೇಳಿದ್ಲು," ದೋನ್ಯಾ ಕ್ರುಸಿತಾ ಕೂಗಿದಳು. "ನೀನು ಹಾಡಿ ಮುಗಿಸೋ ಹೊತ್ತಿಗೆ ನನ್ನ ತಲೆ ಬೆಂದುಹೋಯ್ತು ಕಣೇ!"

ಅಂಗಡಿಯೆಲ್ಲ ನಗೆ. ನೆಲ್ಮಾರಿ ಅಳುತ್ತ ನಕ್ಕಳು.

"ಎಂಥಾ ತಲೆ ಇಟ್ಕೊಂಡಿದೀಯ! ಈ ತಲೇಲಿ ಜನರ ಮುಂದೆ ನಿಲ್ತೀಯಾ?" ಎಂದು ಮಿಗ್ದಾಲಿಯಾ ಮಗಳನ್ನು ತಲೆ ತೊಳೆಯುವ ತೊಟ್ಟಿಯ ಮುಂದಿನ ಕುರ್ಚಿಗೆ ದಬ್ಬಿದಳು. ಕತ್ತನ್ನು ಹಿಂದಕ್ಕೆ ಒರಗಿಸಿ, ನೀರು ಬೆಚ್ಚಗಾಯಿತೇ ಎಂದು ಮಣಿಕಟ್ಟಿನ ಮೇಲೆ ಬಿಟ್ಟು ನೋಡಿದಳು. ಆಮೇಲೆ ಒಂದು ಕೈಯಿಂದ ನೀರು ಹೊಯ್ಯುತ್ತ, ನೊರೆ ಕಣ್ಣಿಗೆ ಇಳಿಯದಂತೆ ಇನ್ನೊಂದು ಅಂಗೈಯನ್ನು ಮಗಳ ಹಣೆಗೆ ಅಡ್ಡ ಹಿಡಿದಳು.