ಅಡಿಗೆಮನೆಯ ಅಳತೆ

ಸುಳ್ಳ ಎಂಬ ಹಳ್ಳಿಯ ನನ್ನ ಸಹಪಾಠಿ ಬೀರಲಿಂಗನ ಅಡಿಗೆಮನೆಯನ್ನು ನಾನು ಕಂಪ್ಯೂಟರಿನಲ್ಲಿ ಕಟ್ಟಿದ್ದು ೨೦೦೫ರಲ್ಲಿ, ಹುಬ್ಬಳ್ಳಿಯ ಕಾಲೇಜಿನಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷದ ನಮ್ಮಿಬ್ಬರ ಪ್ರಾಜೆಕ್ಟಿಗಾಗಿ. ಅವನು ಒಳಗೆ ಟೇಪು ಹಿಡಿದು ಅಳತೆ ಕೂಗುತ್ತಿದ್ದ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ನನ್ನ ಜಾತಿಯವರು ಆ ಹೊಸ್ತಿಲು ದಾಟುವಂತಿಲ್ಲ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ.

ನಮ್ಮ ಸಾಧನ ಇಷ್ಟೇ: ಸ್ಕೂಟರ್ ಹೆಲ್ಮೆಟ್ಟಿನೊಳಗೆ ಎರಡು ಪುಟ್ಟ ಪರದೆ, ಜೊತೆಗೆ ತಂತಿ ಹೊಲಿದ ಒಂದು ಕೈಗವಸು. ಹೆಲ್ಮೆಟ್ ಹಾಕಿದವರಿಗೆ ಸುತ್ತಲೂ ಅಡಿಗೆಮನೆ ಕಾಣುತ್ತದೆ. ಕೈಗವಸಿನ ಕೈ ಚಾಚಿದರೆ ಅಲ್ಲೂ ಒಂದು ಕೈ ಚಾಚುತ್ತದೆ. ಕಂಪ್ಯೂಟರ್ ಮುಟ್ಟದವರೂ ಇದನ್ನು ಕಲಿಸದೆಯೇ ಬಳಸಬಲ್ಲರು ಎಂಬುದು ನನ್ನ ವಾದ. ಪರೀಕ್ಷೆಗೆ ಬಂದ ಒಂಬತ್ತು ಜನರೂ ವಿದ್ಯಾರ್ಥಿಗಳೇ. ವಾದ ನಿಲ್ಲಬೇಕಾದರೆ ಬೀರಲಿಂಗನ ತಾಯಿ ಹುಲಿಗೆವ್ವ ಬರಲೇಬೇಕಿತ್ತು.

ಕಾಲೇಜಿನ ಲ್ಯಾಬಿಗೆ ಬಂದಳು. ಹೆಲ್ಮೆಟ್ ಹಾಕಿಸಿದೆವು.

“ಅಯ್ಯ ಶಿವನ! ನಮ್ಮನಿ ಒಲಿ! ಬೀರ್ಯಾ, ನೆಲುವು ಸುದ್ದಾ ಐತಲೋ!”

“ನಿನ್ನ ಸೊಸಿ ಒಬ್ಬಾಕಿ ಇಲ್ಲ ನೋಡು.”

“ಆಕಿನ್ನೂ ಇದರಾಗ ಮಾಡ್ಕೋ. ಹೊರಗಂತೂ ನಿನಗ ಯಾರೂ ಹೆಣ್ಣ ಕೊಡೂದಿಲ್ಲ.”

ಅವಳ ನಗುವಿನಲ್ಲಿ, ಏನನ್ನೂ ಕಲಿಸಬಾರದೆಂಬ ನನ್ನ ನಿಯಮ ನನಗೇ ಮರೆತುಹೋಯಿತು. “ಅವ್ವಾರ, ಹೆಂಗ ಮುಟ್ಟೂದು ತೋರಸ್ತೇನಿ ನೋಡ್ರಿ,” ಎಂದು ಕೈಗವಸನ್ನು ನಾನೇ ಹಾಕಿಕೊಂಡು, ಕುಡಿಯುವ ನೀರಿನ ಕೊಡದ ಮೇಲೆ ಕೈ ಇಟ್ಟೆ.

ನಗು ನಿಂತಿತು.

“ಯಾರ ಕೈ ಅದು?”

“ಶಶೀದು, ಅವ್ವಾ,” ಎಂದು ಬೀರಲಿಂಗ ನನ್ನ ಹೆಸರು ಹೇಳಿದ. “ಚಿತ್ರ ಅದು.”

“ಚಿತ್ರ ಆದ್ರೇನು? ನಾ ಕಂಡೆನಲ್ಲ.”

ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಳು. “ತಪ್ಪ ತಿಳ್ಕೋಬ್ಯಾಡ ತಮ್ಮಾ,” ಎಂದಳು ಮೆತ್ತಗೆ. ನಾನು ಬಿಚ್ಚಿ ಕೊಟ್ಟ ಕೈಗವಸನ್ನು ಮುಟ್ಟಲಿಲ್ಲ. ಹೊರಗೆ ಹೋಗಿ ಬಾಗಿಲ ಬಳಿ ಕೂತಳು.

ಟಿಪ್ಪಣಿ ಹಾಳೆಯಲ್ಲಿ ‘ಪರೀಕ್ಷೆ ನಿಲ್ಲಿಸಿದ ಕಾರಣ’ ಎಂಬ ಜಾಗ ಖಾಲಿ ಇತ್ತು.

“ತಲಿ ತಿರಗ್ತು ಅಂತ ಬರಿ,” ಎಂದ ಬೀರಲಿಂಗ, ನನ್ನತ್ತ ನೋಡದೆ. “ಆಕಿ ನಮ್ಮವ್ವ ಅದಾಳಲೇ.”

ಬರೆದೆ.

ನಮ್ಮ ಗೈಡ್ ಮೇಡಂ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ಹೆಲ್ಮೆಟ್ಟಿನ ಭಾರವನ್ನು ವಯಸ್ಸಾದವರು ತಡೆಯಲಾರರು, ಇದೇ ನಿಮ್ಮ ಮುಖ್ಯ ಶೋಧ ಎಂದರು. ಇಬ್ಬರಿಗೂ ಒಳ್ಳೆಯ ಅಂಕ ಬಂದವು. ಮುಂದಿನ ತಂಡದವರು ನಮ್ಮ ವರದಿಯನ್ನು ನಂಬಿ, ಇಡೀ ವರ್ಷ ಆ ಹೆಲ್ಮೆಟ್ಟನ್ನು ಕೆತ್ತಿ ಕೊರೆದು ಮುನ್ನೂರು ಗ್ರಾಂ ಇಳಿಸಿದರು. ನಾನು ಒಮ್ಮೆ ಕಾಲೇಜಿಗೆ ಹೋಗಿದ್ದಾಗ ಅವರಲ್ಲೊಬ್ಬಳು, ಜಯಾ, ಅದನ್ನು ನನ್ನ ಕೈಗಿಟ್ಟು ಕೇಳಿದಳು:

“ಈಗ ಆ ಅವ್ವಾರು ಮತ್ತ ಬರ್ತಾರೇನ್ರಿ?”

“ಬೀರಲಿಂಗನ್ನ ಕೇಳ್ರಿ,” ಎಂದೆ.