ಗಂಟು ಬೀಳುವ ಮೊದಲು

ಎತ್ತು ಮಾರಿದವನ ಹಗ್ಗ ಮಾರಿದವನ ಮನೆಗೇ ವಾಪಸ್ ಬರಬೇಕು. ಕೊಂಡವನು ತನ್ನ ಹೊಸ ಹಗ್ಗ ತರಬೇಕು. ಹೊಸದರ ಗಂಟು ಬಿದ್ದ ಮೇಲೆಯೇ ಹಳೆಯದನ್ನು ಬಿಚ್ಚಬೇಕು. ಅಲ್ಲಿಯವರೆಗೆ ಎತ್ತು ಏನೇ ಮಾಡಿದರೂ ಹೊಣೆ ಮಾರಿದವನದು. ನಮ್ಮ ತಾತ ಚಿಕ್ಕಬೋರಯ್ಯ ಇದನ್ನು ನನಗೆ ಹತ್ತಾರು ಸಲ ಹೇಳಿದ್ದ. ನಾನು ಮೊಬೈಲ್ ನೋಡುತ್ತ ಹೂಂ ಅಂದಿದ್ದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಎತ್ತು ಕೊಳ್ಳಲು ಕುಣಿಗಲ್ ಕಡೆಯ ಸಿದ್ದಗಂಗಯ್ಯ ಊರ್ಡಿಗೆರೆ ಬಸ್ ಸ್ಟಾಪಿನ ಪಕ್ಕ ಪಿಕಪ್ ತಂದು ನಿಲ್ಲಿಸಿದ. ನಮ್ಮ ಓಣಿಗೆ ಗಾಡಿ ಬರುವುದಿಲ್ಲ. ನಾನು, ತಾತ ಎತ್ತನ್ನು ಅಲ್ಲಿಗೇ ಹೊಡೆದುಕೊಂಡು ಹೋಗಿದ್ದೆವು.

"ಒಂದು ಮಾತು ಹೇಳ್ಬುಡ್ತೀನಿ ಕಣಪ್ಪ," ಅಂದ ತಾತ. "ಹಾರ್ನ್ ಅಂದ್ರೆ ಇದಕ್ಕಾಗಲ್ಲ. ಬೆಚ್ಚಿದ್ರೆ ಮುಂದೆ ಯಾರವ್ರೆ ಅಂತ ನೋಡಲ್ಲ. ಬ್ಯಾಡ ಅಂದ್ರೆ ಈಗ್ಲೇ ಅನ್ನು."

ಸಿದ್ದಗಂಗಯ್ಯ ನಕ್ಕ. "ಹಿಂಗೆ ಹೇಳ್ಕೊಂಡು ಮಾರೋರ್ನ ಇವತ್ತೇ ನೋಡಿದ್ದು ಯಜಮಾನ್ರೇ. ಮದುವೆ ಬ್ರೋಕರ್‌ಗಳಿಗೂ ಸ್ವಲ್ಪ ಕಲಿಸ್ಕೊಡಿ." ಹೊಸ ಹಗ್ಗ ತರಲು ಪಿಕಪ್ಪಿನ ಹಿಂದಕ್ಕೆ ಹೋದ.

ಆಗ ನನಗೆ ಫೋನ್ ಬಂತು. ಕಾನ್‌ಸ್ಟೆಬಲ್ ರಂಗರಾಜು. ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಕಾಂಟ್ರ್ಯಾಕ್ಟ್ ಮೇಲೆ ದುಡಿದ ನನಗೆ ಈಗ ಸರ್ಕಾರಿ ಕೆಲಸ ಆಗಿತ್ತು. ಪೊಲೀಸ್ ವೆರಿಫಿಕೇಷನ್ ಒಂದೇ ಬಾಕಿ. ಹೆಸರಿನ ಮೇಲೆ ಕೇಸ್ ಇರಬಾರದು, ಅಷ್ಟೇ.

ಹೇಗೂ ಬಿಚ್ಚಲೇಬೇಕಲ್ಲ ಅಂತ ಎತ್ತಿನ ಹಗ್ಗ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡೆ. ಹಿಡಿದಿದ್ದ ಮೂಗುದಾರವನ್ನೂ ಬಿಟ್ಟೆ. ಪೊಲೀಸರಿಗೆ "ನಮಸ್ಕಾರ ಸರ್" ಅನ್ನಲು ಎರಡು ಕೈಯೂ ಬೇಕು ಅನ್ನಿಸಿತ್ತು.

"ನಿಮ್ಮೂರಿಗೇ ಬರ್ತಾ ಇದೀನಿ, ಮನೇಲಿರು," ಅಂದ ರಂಗರಾಜು.

ಬಸ್ಸು ಹಾರ್ನ್ ಹೊಡೆಯಿತು.

ಎತ್ತು ಹಾರಿದ್ದು ನನಗೆ ಕಾಣಲಿಲ್ಲ. ಕಂಡದ್ದು ನೆಲದ ಮೇಲೆ ಬಿದ್ದಿದ್ದ ನಮ್ಮೂರ ಬಸವಲಿಂಗಮ್ಮ. ಗುಬ್ಬಿಯ ಮಗಳ ಮನೆಗೆ ಹೊರಟು ಬಸ್ಸಿಗೆ ಕಾಯುತ್ತಿದ್ದವಳು. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು. ಎತ್ತು ರಸ್ತೆಯ ನಡುವೆ ನಿಂತು ಬುಸುಗುಟ್ಟುತ್ತಿತ್ತು. ಎರಡೂ ಕಡೆ ಗಾಡಿಗಳು, ಎತ್ತಿ ಹಿಡಿದ ಮೊಬೈಲುಗಳು.

ಐದೇ ನಿಮಿಷಕ್ಕೆ ರಂಗರಾಜು ಬೈಕ್ ನಿಲ್ಲಿಸಿದ. ನನ್ನ ಫೈಲು ಅವನ ಕಂಕುಳಲ್ಲೇ ಇತ್ತು.

"ಯಾರದ್ದು ಇದು?"

"ಮಾರಾಯ್ತು ಸರ್," ಅಂದೆ. "ಈಗ ಇವರದು."

ಸಿದ್ದಗಂಗಯ್ಯ ಕೈಲಿದ್ದ ಹೊಸ ಹಗ್ಗ ತೋರಿಸಿದ. "ಏನ್ಲಾ, ಇದು ನನ್ನ ಕೈಲೇ ಐತಲ್ಲೋ. ಗಂಟು ಬೀಳೋಕೆ ಮುಂಚೆ ನನ್ನದು ಹೆಂಗಾಯ್ತು?"

ತಾತ ನನ್ನ ಹೆಗಲ ಮೇಲಿದ್ದ ಹಳೇ ಹಗ್ಗ ಎಳೆದುಕೊಂಡು ರಸ್ತೆಗೆ ಇಳಿದ. ಯಾರೋ ಎತ್ತಿನ ಹಿಂದಿನಿಂದ ಕೋಲು ಬೀಸಲು ಹೋದರು. ತಾತ ಕೈ ಅಡ್ಡ ಮಾಡಿದ. ಎದುರಿನಿಂದಲೇ ನಡೆದ, ಅದಕ್ಕೆ ಕಾಣುವ ಹಾಗೆ. ಕೊಂಬು ಒಂದು ಸಲ ತಗ್ಗಿತು. ತಾತ ಅಲ್ಲೇ ನಿಂತ. ಏನೋ ಗೊಣಗಿದ. ಮತ್ತೆ ಒಂದು ಹೆಜ್ಜೆ. ನನ್ನ ಕಣ್ಣು ಅವನ ಬೆನ್ನಿಗೆ ಅಂಟಿಕೊಂಡಿತ್ತು. ಹಗ್ಗ ಕೊರಳಿಗೆ ಬಿತ್ತು.

ಎತ್ತು ಹಿಡಿದುಕೊಂಡು ಬಂದು ರಂಗರಾಜುವಿನ ಮುಂದೆ ನಿಂತ. "ನಂದು. ಬರ್ಕೊಳ್ಳಪ್ಪ."

"ಬಿಟ್ಟಿದ್ದೂ ನೀವೇನಾ?"

"ಎತ್ತು ನಂದು."

"ನಾನು ಕೇಳಿದ್ದು ಅದಲ್ಲ. ಬಿಟ್ಟೋರು ಯಾರು?"

"ಅದನ್ನ ಬಿಟ್ಟೋರೇ ಹೇಳ್ಬೇಕು. ನಾನು ಹೇಳಿದ್ರೆ ಚಾಡಿ ಆಯ್ತದೆ, ಒಪ್ಕೊಂಡ್ರೆ ಸುಳ್ಳಾಯ್ತದೆ."

ನನ್ನ ಕಡೆ ತಾತ ನೋಡಲಿಲ್ಲ. ನೋಡಿದ್ದರೆ ಸಿಟ್ಟಾದರೂ ಬರುತ್ತಿತ್ತು.

ರಂಗರಾಜು ನನ್ನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ. "ವಯಸ್ಸಾದೋರು. ಅವರ ಹೆಸರಲ್ಲಿ ಬರೆದ್ರೆ ಯಾರಿಗೇನೂ ನಷ್ಟ ಇಲ್ಲ. ನಿನ್ನ ಫೈಲು ಇವತ್ತೇ ಕಳಿಸ್ತೀನಿ. ಸುಮ್ನಿದ್ಬಿಡು."

ಸುಮ್ಮನಿರುವುದಕ್ಕೆ ಏನೂ ಮಾಡಬೇಕಾಗಿರಲಿಲ್ಲ. ಪೆನ್ನು ಆಗಲೇ ತಾತನ ಹೆಸರಿನ 'ಚಿಕ್ಕ' ಅನ್ನುವವರೆಗೆ ಬರೆದಿತ್ತು.

"ಅಯ್ಯೋ, ನಿಮ್ಮ ಬರವಣಿಗೆ ಆಮೇಲಿಟ್ಕೊಳ್ರಪ್ಪ," ಅಂದಳು ಬಸವಲಿಂಗಮ್ಮ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು. "ಎತ್ತೇ ವಾಸಿ. ಗುದ್ದಿ ಹೋಯ್ತು. ನೀವು ನಿಂತ್ಕೊಂಡು ನೋಡ್ತಾ ಇದೀರಿ."

ನಾನು ರಂಗರಾಜುವಿನ ಪೆನ್ನಿಗೆ ಕೈ ಅಡ್ಡ ಇಟ್ಟೆ.

"ಹಗ್ಗ ಬಿಚ್ಚಿದ್ದು ನಾನು," ಅಂದೆ.

"ಏನಂದೆ?"

"ಹೊಸ ಹಗ್ಗ ಕಟ್ಟೋಕೆ ಮುಂಚೆ ಬಿಚ್ಚಿದೆ. ಮೂಗುದಾರಾನೂ ಬಿಟ್ಟೆ. ಇವರಿಬ್ರದ್ದೂ ತಪ್ಪಿಲ್ಲ ಸರ್."

ರಂಗರಾಜು 'ಚಿಕ್ಕ'ದ ಮೇಲೆ ಗೀಟು ಎಳೆದ. ಕೆಳಗೆ ನನ್ನ ಹೆಸರು ಬರೆದ. ತಂದೆಯ ಹೆಸರು ಕೇಳಲಿಲ್ಲ; ಫೈಲಿನಲ್ಲಿತ್ತು.

ಸಿದ್ದಗಂಗಯ್ಯ ಬಸವಲಿಂಗಮ್ಮನನ್ನು ಪಿಕಪ್ಪಿನ ಮುಂದಿನ ಸೀಟಿಗೆ ಹತ್ತಿಸಿದ. "ತುಮಕೂರಿಗೆ ಹೋಗೋಣಮ್ಮ, ಎತ್ತು ಆಮೇಲೆ."

ಅವಳು ಕಿಟಕಿಯಿಂದ ನನ್ನನ್ನು ಕರೆದಳು. "ಬಾರಲೇ ನೀನೂ. ಎಕ್ಸ್‌ರೇ ಕ್ಯೂನಲ್ಲಿ ನಿಲ್ಲೋಕೆ ಯಾರಾದ್ರೂ ಬೇಡ್ವಾ?"

ಎತ್ತಿಗೆ ಅಂತ ಹುಲ್ಲು ಹಾಸಿದ್ದ ಹಿಂಬದಿಗೆ ನಾನು ಹತ್ತಿಕೊಂಡೆ.