ಇಲಿಯ ಬೆನ್ನೇರಿ ಬಂದ ಉಣ್ಣಿ

ಮುಂಬಯಿ ಬಳಿಯ ಟಿಟ್ವಾಳಾದ ಪಾರವ್ವನ ಮನೆಯಲ್ಲಿ ಬೋನಿಗೆ ಬಿದ್ದ ಇಲಿಗೂ ಮರ್ಯಾದೆಯಿತ್ತು. ಗಣಪ್ಪನ ವಾಹನ, ಕೊಲ್ಲುವುದುಂಟೆ? ಕೈಮುಗಿದು, ಬಿಲ್ಡಿಂಗಿನ ಹಿಂದಿನ ಹುಲ್ಲಿಗೆ ಒಯ್ದು ಬಿಟ್ಟುಬರುತ್ತಿದ್ದಳು. ಪ್ರತಿ ಮಂಗಳವಾರ ಗಂಡ ಬಸಲಿಂಗಪ್ಪ ಅದೇ ಹುಲ್ಲಿನಲ್ಲಿ ಬರಿಗಾಲಲ್ಲಿ ಕುಕ್ಕರಿಸಿ, ಗಣಪ್ಪನಿಗೆ ಇಪ್ಪತ್ತೊಂದು ಗರಿಕೆ ಕೀಳುತ್ತಿದ್ದ.

ಬಸಲಿಂಗಪ್ಪನೆಂದರೆ ನಡೆದಾಡುವ ಲೋಕಲ್ ಟ್ರೇನು. ಮುಂದಿನ ನಿಲ್ದಾಣ ಸಾರುವ ಟ್ರೇನಿನ ಮರಾಠಿ ದನಿಯಂತೆ ಮೂಗಿನಲ್ಲಿ "ಪುಢೀಲ್ ಸ್ಟೇಶನ್, ಅಡಿಗಿಮನಿ" ಎಂದು ಕೂಗಿದನೆಂದರೆ ಪಾರವ್ವ ಚಹಾ ಇಡಬೇಕು. ಎರಡು ದಿನದಿಂದ ಆ ಗಾಡಿ ಬಂದ್. ಮೈ ಸುಡುವ ಜ್ವರ. ಇವತ್ತು ಮೈ ಒರೆಸುವಾಗ ಮಂಡಿಯ ಹಿಂದೆ ಮೆಣಸಿನಕಾಳಿನಷ್ಟು ಉಣ್ಣಿಯೊಂದು ಕಚ್ಚಿ ಕೂತದ್ದು ಕಂಡಿತು.

ಸುಟ್ಟು ಬಿಡಿಸೋಣವೆಂದು ಪಾರವ್ವ ಊದಿನಕಡ್ಡಿ ಹಚ್ಚಿದಳು. ಅಷ್ಟರಲ್ಲಿ ಪಕ್ಕದ ಮನೆಯ ನರ್ಸ್ ಸೌಜನ್ಯ ಒಳಬಂದಳು.

"ಅಯ್ಯೋ, ಬೇಡ ಪಾರಕ್ಕ! ಸುಟ್ಟರೆ, ಎಣ್ಣೆ ಹಚ್ಚಿದರೆ ಅದು ಹೊಟ್ಟೆಯದ್ದನ್ನು ಗಾಯದೊಳಗೇ ಕಾರ್ತದೆ."

ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು, ಹಿಸುಕದೆ, ಮೆಲ್ಲಗೆ ನೇರ ಮೇಲಕ್ಕೆಳೆದಳು. ಗಾಯವನ್ನು ಸೋಪು ಹಾಕಿ ತೊಳೆದಳು.

"ಇನ್ನು ಡಾಕ್ಟರ ಹತ್ರ ಹೋಗುವ."

"ಉಣ್ಣಿ ಕಡದ್ರ ದವಾಖಾನಿ ಯಾಕವ್ವ? ನಮ್ಮೂರಾಗ ದನಕ್ಕ ದಿನಾ ಕಡೀತಾವ."

"ದನ ಬಂದು ತಲೆನೋವು ಅಂತ ಹೇಳ್ತದಾ ಮಾರಾಯ್ರೆ? ಗುಡ್ಡದ ಇಲಿ, ಗದ್ದೆ ಇಲಿ, ನಾಲೆ ಬದಿಯ ಇಲಿ, ಎಲ್ಲದರ ಮೈಮೇಲೂ ಉಣ್ಣಿ ಇರಬಹುದು. ಕೆಲವು ಇಲಿಯ ರಕ್ತದಲ್ಲಿ ಕಣ್ಣಿಗೆ ಕಾಣದ ರೋಗಾಣು ಉಂಟು. ಅದನ್ನು ಹೀರಿದ ಉಣ್ಣಿ ಹುಲ್ಲಲ್ಲಿ ಕಾಯ್ತದೆ, ಹೋದವರನ್ನು ಕಚ್ತದೆ. ಇಲಿ ಆರಾಮ ಓಡಾಡ್ತದೆ, ಜ್ವರ ನಮಗೆ."

ಪಾರವ್ವ ಊದಿನಕಡ್ಡಿ ಆರಿಸಿ ಕೆಳಗಿಟ್ಟಳು. "ಅಲ್ಲಿ ಇಲಿ ಬಿಟ್ಟು ಬರಾಕಿ ನಾನ ಅಲ್ಲೇನವ್ವ?"

ಸೌಜನ್ಯ ಅವಳ ಕೈ ಹಿಡಿದುಕೊಂಡಳು. "ನಿಮ್ಮ ಇಲಿಯದ್ದೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಇನ್ನು ಹುಲ್ಲಿಗೆ ಬಿಡಬೇಡಿ, ಅಷ್ಟೆ. ಕಸ ಮುಚ್ಚಿಡಿ, ಗೋಡೆಯ ತೂತು ಮುಚ್ಚಿಸಿ. ಮನೆಗೇ ಬಾರದ ಇಲಿಯನ್ನು ಕೊಲ್ಲುವ ಪಾಪವೂ ಇಲ್ಲ."

ಉಣ್ಣಿ ಕಚ್ಚಿದ್ದನ್ನು ಮೊದಲೇ ಹೇಳಿದ್ದರಿಂದ ಡಾಕ್ಟರು ಅಂದೇ ರಕ್ತಪರೀಕ್ಷೆ ಮಾಡಿಸಿ ಔಷಧಿ ಶುರುಮಾಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಸೊರಗಿದ ದನಿ: "ಪುಢೀಲ್ ಸ್ಟೇಶನ್... ಅಡಿಗಿಮನಿ."

ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟಳು.

ಚೇತರಿಸಿಕೊಂಡ ಮೇಲಿನ ಮಂಗಳವಾರ ಬಸಲಿಂಗಪ್ಪ ಬೂಟು ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು ಹೊರಟ.

"ಗರಿಕಿ ತರಾಕ ಹೊಂಟೀರೋ, ದಂಡಿಗೆ ಹೊಂಟೀರೋ?" ಎಂದು ನಕ್ಕ ಪಾರವ್ವ, ಅವನು ಮರಳಿದಾಗ ಮಾತ್ರ ಬಾಗಿಲಲ್ಲೇ ತಡೆದಳು. "ನಿಂದರ್ರಿ. ಚೆಕಿಂಗ್ ಆಗದ ಗಾಡಿ ಒಳಗ ಬಿಡೂದಿಲ್ಲ."

ನೀವೂ ಹಾಗೇ ತಡೆಯಿರಿ. ಹುಲ್ಲಿಗೆ ಹೋಗಿ ಬಂದವರ ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ನೋಡಿ. ಆಮೇಲೆ ಜ್ವರ ಬಂದರೆ ಕಾಯಬೇಡಿ, ಹುಲ್ಲಿಗೆ ಹೋದದ್ದನ್ನು ಡಾಕ್ಟರಿಗೆ ಹೇಳಿ. ನಿಮ್ಮ ಮನೆಯಲ್ಲೂ ಚಹಾ ಕೇಳುವ ಒಂದು ದನಿಯಿದೆಯಲ್ಲ, ಅದು ಕೇಳುತ್ತಲೇ ಇರಲಿ.